ಸ್ಟೆಪ್ನಿಯ ಭಾರ ಯಾರು ಹೊರಬೇಕು? ಹಳೆಯ ಜಿಪ್ಸಿ, ಜೀಪುಗಳಿಗೆ ಹಿಂದಿನ ಬಂಪರ್ ಆರಿಸುವಾಗ

ಮೂರು ವರ್ಷದ ಹಿಂದಿನ ಮಳೆಗಾಲ. ಬೆಳಗಾವಿಯಿಂದ ಜಾಂಬೋಟಿ ದಾಟಿ ಕಣಕುಂಬಿ ಕಡೆಗೆ ಹೊರಟಿದ್ದೆ. ಗುಂಡಿಯಲ್ಲಿ ಚಕ್ರ ಇಳಿದಾಗಲೆಲ್ಲ ಜಿಪ್ಸಿಯ ಹಿಂದಿನಿಂದ ‘ಕಿರ್ರ್’ ಅನ್ನುವ ಸದ್ದು. ಪಾಟಾದ (ಲೀಫ್ ಸ್ಪ್ರಿಂಗಿನ) ಬುಶ್, ಅಂದರೆ ಪಿನ್ನಿನ ಸುತ್ತ ಕೂರುವ ಕೊಳವೆ, ಹೋಗಿರಬೇಕು ಅಂದುಕೊಂಡೆ. ಮರುದಿನ ಉದ್ಯಮಬಾಗದ ಪರಿಚಯದ ಮಿಸ್ತ್ರಿ ಹಿಂದಿನ ಬಾಗಿಲನ್ನು ಸ್ವಲ್ಪ ಎತ್ತಿ ಅಲ್ಲಾಡಿಸಿದರು. “ಬುಶ್ ಅಲ್ರೀ ಸರ, ಬಾಗಲದ ತಗಡ ಹರದೈತಿ ನೋಡ್ರಿ” ಅಂದರು. ಬಿಜಾಗ್ರಿ ಕೂತ ಜಾಗದಲ್ಲಿ ತಗಡು ಎರಡು ಬೆರಳು ಉದ್ದ ಸೀಳಿತ್ತು.

ಕಾರಣ ನನಗೆ ಗೊತ್ತಿತ್ತು. 1989ರ ಗಾಡಿ ಅದು, 970 ಸಿಸಿಯ ಮೊದಲ ತಲೆಮಾರಿನ ಜಿಪ್ಸಿ. ಕಂಪನಿ ಕೊಟ್ಟ ತೆಳ್ಳನೆಯ ಟೈರು ತೆಗೆದು ನಾಲ್ಕೂ ಚಕ್ರಕ್ಕೆ 235/75 ಆರ್15 ಅಳತೆಯ ದಪ್ಪ ಟೈರು ಹಾಕಿಸಿದ್ದೆ. ಐದನೆಯದನ್ನು, ಅಂದರೆ ಸ್ಟೆಪ್ನಿಯನ್ನು, ಹಿಂದಿನ ಬಾಗಿಲಿಗೇ ನೇತು ಹಾಕಿದ್ದೆ. ಬಾಗಿಲು ಹೊರಬಹುದಾದ ಭಾರ ಅದಲ್ಲ.

ಆಮೇಲೆ ಸ್ಟೆಪ್ನಿಯನ್ನು ಹೊರುವಂಥ ಹಿಂದಿನ ಬಂಪರನ್ನು ಎರಡು ಸಲ ಮಾಡಿಸಿದೆ. ಮೊದಲನೆಯದು ಕೆಟ್ಟಿತು, ಎರಡನೆಯದು ಇವತ್ತಿಗೂ ಗಾಡಿಯ ಮೇಲಿದೆ. ಈ ನಡುವೆ ಬೈಲಹೊಂಗಲದ ಗೆಳೆಯ ತನ್ನ ಅಜ್ಜನ ಕಾಲದ ಮಹೀಂದ್ರಾ ಸಿಜೆ ಜೀಪಿಗೆ, ಮುಧೋಳದ ಮಾವನ ಮಗ ತನ್ನ ಮಹೀಂದ್ರಾ ಎಂಎಂ 540 ಜೀಪಿಗೆ ಸ್ಟೆಪ್ನಿ ಎಲ್ಲಿ ಕೂರಿಸಬೇಕು ಅನ್ನುವ ಇದೇ ಪ್ರಶ್ನೆ ಕೇಳಿದರು. ಮೂವರ ಉತ್ತರವೂ ಬೇರೆ ಬೇರೆ ಆಯಿತು. ಆ ಮೂರು ಉತ್ತರ ಯಾಕೆ ಬೇರೆ ಆದವು ಅನ್ನುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತೂಕ ಮಾಡಿಸಿ

ಯಾವ ಡಿಸೈನನ್ನೂ ನೋಡುವ ಮುಂಚೆ ಸ್ಟೆಪ್ನಿಯನ್ನು ಬಿಚ್ಚಿ ತಕ್ಕಡಿಯ ಮೇಲೆ ಇಡಿ. ನಾನು ಈರುಳ್ಳಿ ಚೀಲ ತೂಗುವ ಎಲೆಕ್ಟ್ರಾನಿಕ್ ಕಾಟಾದ ಮೇಲೆ ಇಟ್ಟೆ. ಹಳೆಯ ಟೈರು ರಿಮ್ ಸೇರಿ 18 ಕೆ.ಜಿ. ಹತ್ತಿರ ಬಂತು. ಹೊಸದು 27 ಕೆ.ಜಿ. ಒಂಬತ್ತು ಕೆ.ಜಿ. ಏನು ಮಹಾ ಅನ್ನಿಸಬಹುದು. ಆದರೆ ಭಾರ ಎಷ್ಟಿದೆ ಅನ್ನುವುದರ ಜೊತೆಗೆ ಅದು ಕೀಲಿನಿಂದ ಎಷ್ಟು ದೂರ ನೇತಾಡುತ್ತಿದೆ ಅನ್ನುವುದೂ ಸೇರುತ್ತದೆ. ದಪ್ಪ ಟೈರಿನ ನಡುಭಾಗ ಬಾಗಿಲಿನಿಂದ ಇನ್ನೂ ಹಿಂದಕ್ಕೆ ಹೋಗುತ್ತದೆ. ಗುಂಡಿಯಲ್ಲಿ ಬಿದ್ದ ಕ್ಷಣಕ್ಕೆ ಅದೇ ಭಾರ ಎರಡು ಪಟ್ಟು, ಮೂರು ಪಟ್ಟಾಗಿ ಜಗ್ಗುತ್ತದೆ. ಚೋರ್ಲಾ ಘಾಟಿನ ರಸ್ತೆಯಲ್ಲಿ ಮಳೆಗಾಲದಲ್ಲಿ ಓಡಿಸಿದವರಿಗೆ ಇದನ್ನು ಹೆಚ್ಚು ಹೇಳಬೇಕಿಲ್ಲ, ಅಲ್ವಾ?

ನನ್ನ ಲೆಕ್ಕ ಹೀಗಿದೆ. ಸ್ಟೆಪ್ನಿ 20 ಕೆ.ಜಿ.ಯ ಒಳಗಿದ್ದರೆ ಕಂಪನಿ ಇಟ್ಟ ಜಾಗದಲ್ಲೇ ಇರಲಿ. ಅದಕ್ಕಿಂತ ಜಾಸ್ತಿ ಇದ್ದರೆ ಭಾರವನ್ನು ತಗಡಿನಿಂದ ಬಿಡಿಸಿ ಚಾಸಿಗೆ, ಅಂದರೆ ಗಾಡಿಯ ಕೆಳಗಿನ ಕಬ್ಬಿಣದ ಚೌಕಟ್ಟಿಗೆ, ಕೊಡಬೇಕು. ಬಂಪರ್ ಚೆಂದ ಕಾಣಲಿ ಅನ್ನುವುದಕ್ಕಾಗಿ ಮಾತ್ರ ಈ ಕೆಲಸ ಮಾಡಿಸಬೇಡಿ. ಹಳೆಯ ಗಾಡಿಗೆ ಸುಮ್ನೆ ಕಬ್ಬಿಣ ಹೊರಿಸುವುದು ಅದಕ್ಕೆ ನಾವು ಮಾಡುವ ಅನ್ಯಾಯ.

ಕಂಪನಿಯ ಜಾಗದಲ್ಲೇ ಉಳಿಸಿಕೊಳ್ಳುವುದು

ಇದಕ್ಕೆ ಖರ್ಚು ತೀರಾ ಕಡಿಮೆ. ಜಿಪ್ಸಿಯ ಬಾಗಿಲಾದರೆ ಒಳಗಿನ ಕಡೆ 3 ಮಿ.ಮೀ. ತಗಡಿನ ಅಗಲವಾದ ಪಟ್ಟಿ ಕೊಟ್ಟು, ಬಿಜಾಗ್ರಿಯ ಬೋಲ್ಟುಗಳೂ ಸ್ಟೆಪ್ನಿಯ ಬೋಲ್ಟುಗಳೂ ಅದೇ ಪಟ್ಟಿಯನ್ನು ಹಾದು ಬರುವಂತೆ ಮಾಡಬೇಕು. ಆಗ ಭಾರ ಒಂದೇ ಕಡೆ ಕಚ್ಚದೆ ಹರಡುತ್ತದೆ. ಬಿಜಾಗ್ರಿಯ ಪಿನ್ ಸವೆದಿದ್ದರೆ ಹೊಸದು ಹಾಕಿಸಿ. ಬಾಗಿಲು ಮುಚ್ಚಿದಾಗ ಅದು ಕೂರುವ ರಬ್ಬರ್ ಗುಂಡಿಗಳು ಇವೆಯೇ ನೋಡಿ. ಅವು ಒಣಗಿ ಬಿದ್ದುಹೋಗಿದ್ದರೆ ಬಾಗಿಲಿನ ಭಾರವೆಲ್ಲ ಬಿಜಾಗ್ರಿ ಮತ್ತು ಲಾಕಿನ ಮೇಲೇ ಬೀಳುತ್ತದೆ. ಸ್ಟೆಪ್ನಿ ಹಗುರವಿರುವ ಗಾಡಿಗೆ ಇಷ್ಟು ಸಾಕು. ಊರೊಳಗೆ ಓಡಾಡಿ, ಭಾನುವಾರ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೋ ಗೋಕಾಕ ಫಾಲ್ಸ್‌ಗೋ ಹೋಗಿ ಬರುವವರು ಇದರಾಚೆ ಯೋಚಿಸಬೇಕಾಗಿಯೇ ಇಲ್ಲ.

ಹಳೆಯ ಜೀಪುಗಳ ಕತೆ ಇಲ್ಲಿ ಕುತೂಹಲದ್ದು. ಎರಡನೇ ಮಹಾಯುದ್ಧದ ವಿಲ್ಲಿಸ್ ಎಂಬಿ ಜೀಪಿನಲ್ಲಿ ಸ್ಟೆಪ್ನಿ ಹಿಂದಿನ ತಗಡಿನ ಮೇಲಿತ್ತು, ಹಿಂದೆ ಬಾಗಿಲೇ ಇರಲಿಲ್ಲ. 1945ರಲ್ಲಿ ಸಾಮಾನ್ಯ ಜನರಿಗಾಗಿ ಸಿಜೆ-2ಎ ಬಂದಾಗ ಹಿಂದೆ ಕೆಳಕ್ಕೆ ಬೀಳುವ ಬಾಗಿಲು ಕೊಟ್ಟರು, ಸ್ಟೆಪ್ನಿಯನ್ನು ಬಾಡಿಯ ಪಕ್ಕಕ್ಕೆ ತೆಗೆದುಕೊಂಡು ಹೋದರು. ಹೊಲದ ಕೆಲಸಕ್ಕೆ ಹಿಂದಿನಿಂದ ಸಾಮಾನು ಏರಿಸಬೇಕು, ಸ್ಟೆಪ್ನಿ ಅಡ್ಡ ಬರಬಾರದು. ನಾವು ಇವತ್ತು ಗ್ಯಾರೇಜಿನಲ್ಲಿ ನಿಂತು ಚರ್ಚೆ ಮಾಡುವ ವಿಷಯವನ್ನೇ ಅವರು ಆಗ ಹೀಗೆ ಬಗೆಹರಿಸಿಕೊಂಡಿದ್ದರು.

ಬೈಲಹೊಂಗಲದ ಗೆಳೆಯನಿಗೆ ನಾನು ಹೇಳಿದ್ದೂ ಇದನ್ನೇ. ಅವನ ಜೀಪಿಗೆ 50 ವರ್ಷ ದಾಟಿದೆ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನೋಂದಣಿ ನಿಯಮ ತಂದಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು. ಚಾಸಿ, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ 20,000 ರೂಪಾಯಿ, ಮರು ನೋಂದಣಿಗೆ 5,000. ನಂಬರಿನಲ್ಲಿ ‘ವಿಎ’ ಅಕ್ಷರ ಬರುತ್ತದೆ. ಆ ನೋಂದಣಿ ಮಾಡಿಸಿದ ಗಾಡಿಯನ್ನು ದಿನದ ಓಡಾಟಕ್ಕೆ ಬಳಸುವಂತಿಲ್ಲ ಅನ್ನುವುದೂ ನೆನಪಿರಲಿ. ಅವನು ಆ ಕಡೆ ಹೋಗುತ್ತಾನೋ ಬಿಡುತ್ತಾನೋ ಬೇರೆ ಮಾತು. ಆದರೆ ಇಷ್ಟು ವರ್ಷ ಉಳಿದುಬಂದ ಚಾಸಿಗೆ ಗ್ಯಾಸ್ ಕಟರ್ ತಾಗಿಸಿದ ಮೇಲೆ ಮೂಲ ರೂಪ ಮತ್ತೆ ಬರುವುದಿಲ್ಲ. ಅವನು ಪಕ್ಕದ ಸ್ಟೆಪ್ನಿ ಬ್ರಾಕೆಟ್ಟಿನ ಹಿಂದೆ ಒಂದು ತಗಡಿನ ಪಟ್ಟಿ ಕೊಟ್ಟು ಬಿಗಿ ಮಾಡಿಸಿದ, ಅಷ್ಟೇ. ಅದೇ ಸರಿಯಾದ ಆಯ್ಕೆ ಅಂತ ನಾನು ಈಗಲೂ ಹೇಳುತ್ತೇನೆ.

ಬಂಪರಿನ ಮೇಲೆ ಗಟ್ಟಿಯಾಗಿ ನಿಲ್ಲಿಸಿದ ಸ್ಟ್ಯಾಂಡ್

ಇದರಲ್ಲಿ ತಿರುಗುವ ಭಾಗವೇ ಇಲ್ಲ. ಚಾಸಿಗೆ ಬೋಲ್ಟ್ ಮಾಡಿದ ಬಂಪರಿನಿಂದ ಒಂದು ಕಂಬ ಮೇಲೇರುತ್ತದೆ, ಅದಕ್ಕೆ ಸ್ಟೆಪ್ನಿ ಕಚ್ಚಿಸುತ್ತೇವೆ. ಸವೆಯುವುದಿಲ್ಲ, ಸದ್ದು ಮಾಡುವುದಿಲ್ಲ, ಮಾಡಿಸುವುದು ಸುಲಭ. ತೊಂದರೆ ಒಂದೇ. ಹಿಂದಿನ ಬಾಗಿಲು ತೆರೆಯಬೇಕಾದರೆ ಸ್ಟೆಪ್ನಿ ಬಿಚ್ಚಬೇಕು.

ಮುಧೋಳದ ಮಾವನ ಮಗ ಆರಿಸಿಕೊಂಡದ್ದು ಇದನ್ನು. ಅವನ ಕಡೆ ಎಲ್ಲ ಎರೆಮಣ್ಣು. ಮಳೆ ಬಿದ್ದರೆ ಆ ಮಣ್ಣು ಚಕ್ರಕ್ಕೆ ಮೆತ್ತಿಕೊಂಡು, ಹಿಂದಿನ ಸಂದಿಯಲ್ಲೆಲ್ಲ ತುಂಬಿಕೊಂಡು, ಒಣಗಿದ ಮೇಲೆ ಇಟ್ಟಿಗೆಯಂತೆ ಗಟ್ಟಿಯಾಗುತ್ತದೆ. ಕೀಲು, ಲಾಕು, ಚಿಲಕ ಯಾವುದಿದ್ದರೂ ಮಣ್ಣು ಕಡಿದು ಕೆಡುತ್ತದೆ. ಅವನು ಸಾಮಾನನ್ನು ಪಕ್ಕದಿಂದಲೇ ಏರಿಸುತ್ತಾನೆ, ಹಿಂದಿನ ಬಾಗಿಲು ತೆರೆಯುವುದೇ ಅಪರೂಪ. ಹಾಗಾಗಿ ಸ್ಟೆಪ್ನಿಯನ್ನು ನಡುವಿಗಿಂತ ಸ್ವಲ್ಪ ಎಡಕ್ಕೆ ಇಟ್ಟು, ಹಿಂದಿನದು ಕನ್ನಡಿಯಲ್ಲಿ ಕಾಣುವಷ್ಟು ಕೆಳಕ್ಕೆ ಇಳಿಸಿಕೊಂಡ. ಹಣವೂ ಉಳಿಯಿತು.

ಈ ಬಗೆಯಲ್ಲಿ ಜನ ಒಂದು ತಪ್ಪು ಜಾಸ್ತಿ ಮಾಡುತ್ತಾರೆ. ಕಂಬ ಅಲ್ಲಾಡಬಾರದು ಅಂತ ಅದರ ಮೇಲ್ತುದಿಯನ್ನು ಬಾಡಿಗೂ ಒಂದು ಪಟ್ಟಿ ಹಾಕಿ ಕಟ್ಟಿಬಿಡುತ್ತಾರೆ. ಹಾಗೆ ಮಾಡಬೇಡಿ. ಈ ಗಾಡಿಗಳಲ್ಲಿ ಬಾಡಿ ಬೇರೆ, ಚಾಸಿ ಬೇರೆ. ನಡುವೆ ರಬ್ಬರ್ ಪ್ಯಾಡುಗಳಿವೆ. ಹಳ್ಳ ದಾಟುವಾಗ ಚಾಸಿ ಒಂದು ಕಡೆ ತಿರುಚಿಕೊಂಡರೆ ಬಾಡಿ ಇನ್ನೊಂದು ಕಡೆ ಹೋಗುತ್ತದೆ. ಎರಡನ್ನೂ ಒಂದೇ ಕಬ್ಬಿಣದಿಂದ ಕಟ್ಟಿದರೆ ಹರಿಯುವುದು ತಗಡೇ. ಸ್ಟೆಪ್ನಿಗೂ ಬಾಗಿಲಿಗೂ ನಡುವೆ ಎರಡು ಬೆರಳು ಸಂದಿ ಬಿಡಿ.

ತಿರುಗುವ ತೋಳಿನ ಬಂಪರ್

ದಿನಾ ಹಿಂದಿನ ಬಾಗಿಲು ತೆರೆಯುವವರಿಗೆ, ದಪ್ಪ ಟೈರು ಹಾಕಿದವರಿಗೆ ಇದೇ ಸರಿ. ಬಂಪರಿನ ಒಂದು ತುದಿಯಲ್ಲಿ ಕೀಲು, ಇನ್ನೊಂದು ತುದಿಯಲ್ಲಿ ಲಾಕು, ನಡುವಿನ ತೋಳಿನ ಮೇಲೆ ಸ್ಟೆಪ್ನಿ. ಗೇಟಿನಂತೆ ತೆರೆಯುತ್ತದೆ. ನನ್ನ ಗಾಡಿಗೆ ಬೇಕಾದದ್ದು ಇದು. ನಾನು ಮೊದಲ ಸಲ ಎಡವಿದ್ದೂ ಇಲ್ಲೇ.

ಮೊದಲನೆಯದನ್ನು ಒಂದು ಫ್ಯಾಬ್ರಿಕೇಶನ್ ಅಂಗಡಿಯಲ್ಲಿ ಮಾಡಿಸಿದೆ. ಮನೆಯ ಕಬ್ಬಿಣದ ಗೇಟಿಗೆ ಹಾಕುವಂಥ ಕೀಲನ್ನೇ ಹಾಕಿಕೊಟ್ಟರು. ಒಂದು ಪೈಪಿನ ತುಂಡು, ಒಳಗೆ ಒಂದು ಸರಳು. ನೋಡಲು ಗಟ್ಟಿಯಾಗಿಯೇ ಇತ್ತು. ನಾಲ್ಕು ತಿಂಗಳಿಗೆ ತೋಳಿನ ತುದಿ ಒಂದು ಇಂಚು ಜಗ್ಗಿತು. ಲಾಕು ಹಾಕಬೇಕಾದರೆ ಒಬ್ಬರು ಟೈರನ್ನು ಮೇಲಕ್ಕೆ ಎತ್ತಿ ಹಿಡಿಯಬೇಕಾಗಿತ್ತು. ನನ್ನ ಹೆಂಡತಿ ಒಬ್ಬಳೇ ಗಾಡಿ ತೆಗೆದುಕೊಂಡು ಹೋದ ದಿನ ಅವಳಿಂದ ಅದನ್ನು ಮುಚ್ಚಲು ಆಗಲಿಲ್ಲ. ಹಗ್ಗ ಕಟ್ಟಿಕೊಂಡು ಮನೆಗೆ ಬಂದಳು. ಅವತ್ತು ನನಗೆ ತುಂಬಾ ಬೇಸರವಾಯಿತು.

ಯಾಕೆ ಜಗ್ಗಿತು ಅಂತ ಕೂತು ಲೆಕ್ಕ ಹಾಕಿದೆ. ಟೈರು ಮತ್ತು ತೋಳು ಸೇರಿ 35 ಕೆ.ಜಿ. ಆ ಭಾರದ ನಡುಬಿಂದು ಕೀಲಿನ ಪಿನ್ನಿನಿಂದ 60 ಸೆಂ.ಮೀ. ದೂರ. ಕೀಲಿನ ಮೇಲಿನ ಬುಶ್‌ಗೂ ಕೆಳಗಿನ ಬುಶ್‌ಗೂ ನಡುವೆ ಇದ್ದದ್ದು ಬರೀ 8 ಸೆಂ.ಮೀ. 35ನ್ನು 60ರಿಂದ ಗುಣಿಸಿ 8ರಿಂದ ಭಾಗಿಸಿದರೆ 262. ಅಂದರೆ ಗಾಡಿ ಸುಮ್ಮನೆ ನಿಂತು ತೋಳು ತೆರೆದಿದ್ದಾಗಲೇ ಪ್ರತಿ ಬುಶ್ ಮೇಲೂ 260 ಕೆ.ಜಿ.ಯಷ್ಟು ಅಡ್ಡ ಒತ್ತಡ! ಅದೇ ಅಂತರವನ್ನು 20 ಸೆಂ.ಮೀ. ಮಾಡಿದರೆ ಒತ್ತಡ 105 ಕೆ.ಜಿ.ಗೆ ಇಳಿಯುತ್ತದೆ. ಪಿನ್ ದಪ್ಪ ಮಾಡುವುದಕ್ಕಿಂತ ಪಿನ್ ಉದ್ದ ಮಾಡುವುದರಿಂದ ಸಿಗುವ ಲಾಭ ಜಾಸ್ತಿ. ಯಾರಾದರೂ ನಿಮಗೆ ಬಂಪರಿನ ಫೋಟೋ ತೋರಿಸಿದರೆ ಪೇಂಟು, ಲೈಟು ಬಿಟ್ಟು ಮೊದಲು ಕೀಲಿನ ಎತ್ತರ ನೋಡಿ. ಒಂದು ಗೇಣಿಗಿಂತ ಗಿಡ್ಡ ಇದ್ದರೆ ದಪ್ಪ ಟೈರಿಗೆ ಅದು ಬೇಡ.

ಕೀಲಿನಲ್ಲಿ ಮೂರು ಬಗೆ ಇವೆ. ಪೈಪು ಮತ್ತು ಸರಳಿನದ್ದು ಮೇಲೆ ಹೇಳಿದ್ದು, ಅದನ್ನು ಬಿಟ್ಟುಬಿಡಿ. ಎರಡನೆಯದು ಗನ್‌ಮೆಟಲ್ (ಕಂಚಿನಂಥ ಮಿಶ್ರಲೋಹ) ಬುಶ್, ಲೇತಿನಲ್ಲಿ ತಿರುಗಿಸಿದ ಪಿನ್, ಮೇಲೊಂದು ಗ್ರೀಸ್ ನಿಪ್ಪಲ್. ಮೂರನೆಯದು ಚಕ್ರದ ಹಬ್ಬಿನಲ್ಲಿ ಇರುವಂಥ ಟೇಪರ್ ಬೇರಿಂಗ್ ಎರಡು ಹಾಕಿದ ಸ್ಪಿಂಡಲ್. ಬೇರಿಂಗಿನದ್ದು ಬೆರಳಿನಿಂದ ತಳ್ಳಿದರೂ ತಿರುಗುತ್ತದೆ, ನಟ್ಟು ಬಿಗಿದು ಆಟ (ಸಡಿಲ) ತೆಗೆಯಬಹುದು. ಆದರೆ ಅದರ ಸೀಲ್ ಒಮ್ಮೆ ಹರಿದರೆ ಕಥೆ ಮುಗಿಯಿತು. ಖಾನಾಪುರ ಕಡೆಯ ಕೆಂಪು ನೀರು ಒಳಗೆ ಹೋಗಿ ಒಂದೇ ಮಳೆಗಾಲದಲ್ಲಿ ಬೇರಿಂಗ್ ತುಕ್ಕು ಹಿಡಿಯುತ್ತದೆ. ಬುಶ್ ಆದರೆ ನಿಪ್ಪಲಿಗೆ ಗ್ರೀಸ್ ಒತ್ತಿದಾಗ ಹಳೆಯ ಗ್ರೀಸ್ ಜೊತೆ ಮಣ್ಣೂ ಹೊರಬರುತ್ತದೆ. ಸವೆದರೂ ನಿಧಾನಕ್ಕೆ ಸವೆಯುತ್ತದೆ, ಹೊಸ ಬುಶ್ ಹಾಕಿದರೆ ಮತ್ತೆ ಮೊದಲಿನಂತೆ. 30 ಕೆ.ಜಿ.ಯವರೆಗಿನ ಟೈರಿಗೆ ನಾನು ಬುಶ್ಶನ್ನೇ ಆರಿಸುತ್ತೇನೆ. ಇನ್ನೂ ದೊಡ್ಡ ಟೈರು, ಜೊತೆಗೆ ಡೀಸೆಲ್ ಕ್ಯಾನ್ ಎಲ್ಲ ತೋಳಿನ ಮೇಲೇ ಬೇಕು ಅನ್ನುವವರು ಬೇರಿಂಗ್ ಹಾಕಿಸಿ, ವರ್ಷಕ್ಕೊಮ್ಮೆ ಬಿಚ್ಚಿ ನೋಡಲಿ.

ಬೆಳಗಾವಿ ಫೌಂಡ್ರಿಗಳ ಊರು. ಹಾಗಾಗಿ ಕೀಲಿನ ಮನೆಯನ್ನು ಎರಕ ಹೊಯ್ಯಿಸಿಬಿಡೋಣ ಅನ್ನುವ ಆಸೆ ಯಾರಿಗಾದರೂ ಬರುತ್ತದೆ, ನನಗೂ ಬಂತು. ಬೀಡು ಕಬ್ಬಿಣ ಇಲ್ಲಿಗೆ ಆಗುವುದಿಲ್ಲ. ಅದು ಒತ್ತಡ ತಡೆಯುತ್ತದೆ, ಹೊಡೆತ ತಡೆಯುವುದಿಲ್ಲ, ಬಗ್ಗದೆ ಒಮ್ಮೆಲೇ ಒಡೆಯುತ್ತದೆ. ದಪ್ಪ ಎಂ.ಎಸ್. (ಮೈಲ್ಡ್ ಸ್ಟೀಲ್) ಪೈಪನ್ನು ಒಳಗೆ ಬೋರ್ ಮಾಡಿಸಿ ಬುಶ್ ಕೂರಿಸಿ. ಪಿನ್ನಿಗೆ 30 ಮಿ.ಮೀ. ಇಎನ್8 ಅನ್ನುವ ಗಟ್ಟಿ ಉಕ್ಕಿನ ಸರಳು ತಗೊಳ್ಳಿ. ಇಎನ್8ಅನ್ನು ಹಾಗೇ ವೆಲ್ಡ್ ಮಾಡಿದರೆ ಪಕ್ಕದಲ್ಲಿ ಬಿರುಕು ಬಿಡುವ ಸಾಧ್ಯತೆ ಇದೆ. ಆದ್ದರಿಂದ ಪಿನ್ನಿನ ತುದಿಗೆ ಆಟೆ (ಥ್ರೆಡ್) ಕೊಯ್ಯಿಸಿ ನಟ್ಟು ಬಿಗಿಯುವುದು ಒಳ್ಳೆಯದು. ಉದ್ಯಮಬಾಗದಲ್ಲೋ ಆಟೋನಗರದಲ್ಲೋ ಇಷ್ಟು ಕೆಲಸಕ್ಕೆ ಲೇತ್ ಹುಡುಕಬೇಕಾಗಿಲ್ಲ. ಈ ವಿಷಯದಲ್ಲಿ ನಾವು ಪುಣ್ಯವಂತರು.

ಇನ್ನು ಲಾಕಿನ ತುದಿ. ಇಲ್ಲಿ ಎರಡು ಕೆಲಸ ಬೇರೆ ಬೇರೆ ಆಗಬೇಕು. ಒಂದು, ತೋಳಿನ ಭಾರ ಹೊರುವುದು. ಇನ್ನೊಂದು, ತೋಳು ತೆರೆಯದಂತೆ ಹಿಡಿಯುವುದು. ಎರಡನ್ನೂ ಒಂದೇ ಚಿಲಕದ ಮೇಲೆ ಹೇರಿದರೆ ಚಿಲಕ ಬಾಗುತ್ತದೆ. ಬಂಪರಿನ ಮೇಲೆ ಇಳಿಜಾರಾದ ಒಂದು ಚಿಕ್ಕ ಮೆಟ್ಟಿಲು ಇರಬೇಕು. ತೋಳು ಮುಚ್ಚುವಾಗ ಅದರ ಮೇಲೆ ಹತ್ತಿ ಕೂರಬೇಕು. ಆಗ ಓಡುವಾಗಿನ ಕುಲುಕಾಟವನ್ನು ಕೀಲು ಒಂಟಿಯಾಗಿ ಹೊರಬೇಕಾಗಿಲ್ಲ. ಹಿಡಿಯುವುದಕ್ಕೆ ಎಳೆದು ಬಿಗಿಯುವ ಟಾಗಲ್ ಲಾಕು ಒಳ್ಳೆಯದು. ಅದರ ಕೊಕ್ಕೆಯ ಆಟೆ ತಿರುಗಿಸಿ ಬಿಗಿ ಹೆಚ್ಚಿಸಬಹುದು. ಲಾರಿ ಬಾಡಿ ಕಟ್ಟುವವರ ಹತ್ತಿರ ಇಂಥ ಲಾಕಿನ ಬಗ್ಗೆ ವಿಚಾರಿಸಿ. ಅದರ ಮೇಲೆ ಚೈನಿಗೆ ಕಟ್ಟಿದ ಒಂದು ಪಿನ್ ಇರಲಿ. ಲಾಕು ಎಷ್ಟೇ ಗಟ್ಟಿ ಇದ್ದರೂ ಆ ಎರಡನೇ ಪಿನ್ ಬೇಕೇ ಬೇಕು. ಹೆದ್ದಾರಿಯಲ್ಲಿ 35 ಕೆ.ಜಿ.ಯ ಗೇಟು ತೆರೆದುಕೊಂಡರೆ ಹಿಂದೆ ಬರುವ ಬೈಕಿನವನ ಗತಿ ಏನು?

ತೆರೆದ ಮೇಲೆ ನಿಲ್ಲಿಸುವ ಏರ್ಪಾಡನ್ನೂ ಮರೆಯಬೇಡಿ. ಘಾಟಿನ ಇಳಿಜಾರಿನಲ್ಲಿ ಗಾಡಿ ನಿಲ್ಲಿಸಿ ತೋಳು ತೆರೆದರೆ ಅದು ತಾನಾಗಿಯೇ ಬಂದು ನಿಮ್ಮ ಬೆನ್ನಿಗೆ ಬಡಿಯುತ್ತದೆ. ಕೀಲಿನ ಹತ್ತಿರ ಒಂದು ತೂತು, ಅದರೊಳಗೆ ಸ್ಪ್ರಿಂಗ್ ಇರುವ ಪಿನ್ ಬೀಳುವಂತೆ ಮಾಡಿಸಿ. ತೋಳು ಯಾವ ಕಡೆ ತಿರುಗಬೇಕು? ನಿಮ್ಮ ಬಾಗಿಲು ಪಕ್ಕಕ್ಕೆ ತೆರೆಯುವುದಾದರೆ ಬಾಗಿಲಿನ ಬಿಜಾಗ್ರಿ ಇರುವ ಕಡೆಯೇ ತೋಳಿನ ಕೀಲೂ ಇರಲಿ. ಕೆಳಕ್ಕೆ ಬೀಳುವ ಬಾಗಿಲಾದರೆ ಕೀಲನ್ನು ಬಲಕ್ಕೆ ಇಡಿ. ನಾವು ರಸ್ತೆಯ ಎಡಕ್ಕೆ ಗಾಡಿ ನಿಲ್ಲಿಸುತ್ತೇವೆ, ಸಾಮಾನು ತೆಗೆಯುವವರು ಎಡಗಡೆಯ ಮಣ್ಣಿನ ಮೇಲೆ ಸುರಕ್ಷಿತವಾಗಿ ನಿಲ್ಲಬಹುದು.

ಬಂಪರಿನ ಕಬ್ಬಿಣ ಯಾವುದು

ಪೈಪು, ಚಾನೆಲ್, ಮಡಚಿದ ಪ್ಲೇಟು. ಇವೇ ಮೂರು. 1.4 ಮೀಟರ್ ಉದ್ದದ ಬಂಪರಿಗೆ ತೂಕ ಹೋಲಿಸಿ ನೋಡಿ. 50 ಮಿ.ಮೀ. ಚೌಕದ, 3 ಮಿ.ಮೀ. ದಪ್ಪದ ಪೈಪು ಸುಮಾರು 6 ಕೆ.ಜಿ. 100 ಮಿ.ಮೀ. ಚಾನೆಲ್ 13 ಕೆ.ಜಿ. ಹತ್ತಿರ. 35 ಸೆಂ.ಮೀ. ಅಗಲದ 5 ಮಿ.ಮೀ. ಪ್ಲೇಟನ್ನು ಮಡಚಿದರೆ 19 ಕೆ.ಜಿ. ಅದೇ 3 ಮಿ.ಮೀ. ಪ್ಲೇಟಾದರೆ 11.5. ಬ್ರಾಕೆಟ್, ತೋಳು, ಕೀಲು ಎಲ್ಲ ಇದರ ಮೇಲೆ ಬೇರೆ.

ಭಾರೀ ಕಬ್ಬಿಣ ಇದ್ದರೆ ಗಾಡಿ ಗಟ್ಟಿ ಅಂತ ನಂಬುವವರು ಬಹಳ. ಹಿಂದಿನ ಆಕ್ಸಲ್ ದಾಟಿ ಹೊರಗೆ ನೇತಾಡುವ ಭಾರ ತಕ್ಕಡಿಯ ದಂಡದಂತೆ ಕೆಲಸ ಮಾಡುತ್ತದೆ. ನನ್ನ ಜಿಪ್ಸಿಯ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 2,375 ಮಿ.ಮೀ. ಬಂಪರು, ತೋಳು, ಟೈರು ಸೇರಿ 55 ಕೆ.ಜಿ. ಅಂತ ಇಟ್ಟುಕೊಳ್ಳಿ, ಅದು ಹಿಂದಿನ ಆಕ್ಸಲ್‌ನಿಂದ 85 ಸೆಂ.ಮೀ. ಆಚೆ ಇದೆ. ಆಗ ಮುಂದಿನ ಚಕ್ರಗಳ ಮೇಲಿನಿಂದ ಸುಮಾರು 20 ಕೆ.ಜಿ. ಎದ್ದುಹೋಗುತ್ತದೆ, ಹಿಂದಿನ ಪಾಟಾಗಳ ಮೇಲೆ 75 ಬೀಳುತ್ತದೆ. ಒಂದು ಟನ್ ಆಸುಪಾಸಿನ ಗಾಡಿಗೆ ಇದು ಚಿಕ್ಕ ಮಾತಲ್ಲ. ಮಳೆಯಲ್ಲಿ ಘಾಟ್ ಇಳಿಯುವಾಗ ಸ್ಟೀರಿಂಗ್ ಹಗುರಾಗಿದೆ ಅಂತ ಕೈಗೇ ಗೊತ್ತಾಗುತ್ತದೆ. ವಿಲ್ಲಿಸ್ ಮತ್ತು ಹಳೆಯ ಸಿಜೆಗಳ ಅಳತೆ 80 ಇಂಚು, ಅಂದರೆ 2,032 ಮಿ.ಮೀ. ಮಾತ್ರ. ಅವಕ್ಕೆ ಇದರ ಪರಿಣಾಮ ಇನ್ನೂ ಜಾಸ್ತಿ.

ಆದ್ದರಿಂದ ನನ್ನ ಮತ ಚೌಕ ಪೈಪಿನ ಕಡೆಗೆ. ಚಾಸಿಗೆ ಕೂರುವ ಬ್ರಾಕೆಟ್ ಮತ್ತು ಕೀಲಿನ ಬುಡಕ್ಕೆ ಮಾತ್ರ 6 ಮಿ.ಮೀ. ಪ್ಲೇಟು ಕೊಟ್ಟು, ಉಳಿದದ್ದನ್ನು ಹಗುರವಾಗಿ ಇಡಬಹುದು. ದುಂಡು ಪೈಪು ನೋಡಲು ಹಳೆಯ ಗಾಡಿಗೆ ಒಪ್ಪುತ್ತದೆ, ನೀರಿನ ಬಿ ಕ್ಲಾಸ್ ಪೈಪಿನಲ್ಲೂ ಮಾಡುತ್ತಾರೆ. ಆದರೆ ದುಂಡಗಿನದಕ್ಕೆ ಬ್ರಾಕೆಟ್ ಸರಿಯಾಗಿ ಕೂರಿಸಲು ಕೈ ಪಳಗಿದ ವೆಲ್ಡರ್ ಬೇಕು.

ಎತ್ತರ ಅಳೆಯಲು ಒಂದು ಸುಲಭ ದಾರಿ ಇದೆ. ಹಿಂದಿನ ಟೈರು ನೆಲ ಮುಟ್ಟುವ ಜಾಗದಿಂದ ಬಂಪರಿನ ಕೆಳ ಅಂಚಿಗೆ ಒಂದು ದಾರ ಹಿಡಿಯಿರಿ. ಮೊದಲು ಹಳೆಯ ಬಂಪರಿಗೆ, ಆಮೇಲೆ ಹೊಸದಕ್ಕೆ. ದಾರ ಮೊದಲಿಗಿಂತ ಚಪ್ಪಟೆ ಆಯಿತು ಅಂದರೆ ಹಳ್ಳದಿಂದ ಮೇಲೆ ಏರುವಾಗ ಬಂಪರ್ ನೆಲಕ್ಕೆ ಹೆಟ್ಟುತ್ತದೆ. ಎರಡೂ ಮೂಲೆ ಸ್ವಲ್ಪ ಮೇಲಕ್ಕೆ ಕತ್ತರಿಸಿದ್ದರೆ ಇನ್ನೂ ಒಳ್ಳೆಯದು. ಚೂಪಾದ ಅಂಚು ಮಾತ್ರ ಉಳಿಸಬೇಡಿ. ನಮ್ಮ ರಸ್ತೆಯಲ್ಲಿ ಜನರ ಮೊಣಕಾಲು, ದ್ವಿಚಕ್ರದವರ ಕಾಲು ಇದೇ ಎತ್ತರಕ್ಕೆ ಬರುತ್ತವೆ.

ಕೆಸರಿನಿಂದ ಎಳೆಸಿಕೊಳ್ಳುವ ಕೊಂಡಿಯನ್ನು ಬಂಪರಿನ ಪೈಪಿಗೆ ಮೇಲುಮೇಲೆ ಅಂಟಿಸಿದ್ದನ್ನು ಬಹಳ ಕಡೆ ನೋಡಿದ್ದೇನೆ. ಎಳೆಯುವಾಗ ಅದು ಕಿತ್ತು ಬಂದರೆ ಗುಂಡಿನಂತೆ ಹಾರುತ್ತದೆ, ಜೀವ ತೆಗೆಯುತ್ತದೆ. ಕೊಂಡಿಯ ದಪ್ಪ ಪ್ಲೇಟು ಪೈಪನ್ನು ಸೀಳಿಕೊಂಡು ಒಳಗೆ ಹೋಗಿ ಚಾಸಿಯ ಬ್ರಾಕೆಟ್ಟಿಗೇ ಸೇರಬೇಕು. ಎರಡೂ ಕಡೆ ಒಂದೊಂದು. ಕೊಂಡಿಗೆ ಹಗ್ಗ ಸೇರಿಸುವ ಯು ಆಕಾರದ ಶ್ಯಾಕಲ್ ಮೇಲೆ ಎಷ್ಟು ಟನ್ ಅಂತ ಒತ್ತಿರುವುದನ್ನೇ ಕೊಳ್ಳಿ. ಮುಕ್ಕಾಲು ಇಂಚಿನದ್ದಕ್ಕೆ 4.75 ಟನ್ ಅಂತ ಇರುತ್ತದೆ. ಅಕ್ಷರವೇ ಇಲ್ಲದ ಅಗ್ಗದ್ದು ಬೇಡ.

ಚಾಸಿಗೆ ಕೂರಿಸುವಾಗ

ಬೋಲ್ಟ್ ಮಾಡಿ, ವೆಲ್ಡ್ ಮಾಡಬೇಡಿ. ಇದರಲ್ಲಿ ನನಗೆ ಎರಡು ಮಾತಿಲ್ಲ. ಹಳೆಯ ಚಾಸಿಯ ಕಬ್ಬಿಣ ತುಕ್ಕು ತಿಂದು ತೆಳ್ಳಗಾಗಿರುತ್ತದೆ, ವೆಲ್ಡಿನ ಪಕ್ಕದಲ್ಲೇ ಬಿರುಕು ಶುರುವಾಗುತ್ತದೆ. ಜಿಪ್ಸಿಯ ಪೆಟ್ರೋಲ್ ಟ್ಯಾಂಕ್ ಇರುವುದೂ ಹಿಂದೆಯೇ. ಅದರ ಹತ್ತಿರ ವೆಲ್ಡಿಂಗ್ ಕಿಡಿ ಹಾರಿಸುವುದು ಬೆಂಕಿಯ ಜೊತೆ ಆಟ. ಬಂಪರನ್ನು ಗಾಡಿಗೆ ಹಿಡಿದು ಗುರುತು ಮಾಡಿಕೊಂಡು, ಕೆಳಗಿಳಿಸಿ, ದೂರದಲ್ಲಿ ವೆಲ್ಡ್ ಮಾಡಿಸಿ. ಸಮಯ ಹಿಡಿಯುತ್ತದೆ, ಹಿಡಿಯಲಿ.

ಜಿಪ್ಸಿಯ ಚಾಸಿ ಡಬ್ಬಿಯಂತೆ ಒಳಗೆ ಟೊಳ್ಳು. ಅದರಲ್ಲಿ ಬೋಲ್ಟ್ ಹಾಯಿಸಿ ಜೋರಾಗಿ ಬಿಗಿದರೆ ಎರಡೂ ಗೋಡೆ ಒಳಕ್ಕೆ ಚಪ್ಪಟೆ ಆಗುತ್ತವೆ. ಒಳಗೆ ಸರಿಯಾದ ಉದ್ದದ ಪೈಪಿನ ತುಂಡು ಕೂರಿಸಿ, ಅದರೊಳಗಿಂದ ಬೋಲ್ಟ್ ಹಾಯಿಸಬೇಕು. ತಲೆಯ ಮೇಲೆ 8.8 ಅಂತ ಬಲದ ಗುರುತು ಒತ್ತಿರುವ 12 ಮಿ.ಮೀ. ಬೋಲ್ಟು, ತಾನಾಗಿ ಸಡಿಲವಾಗದ ನೈಲಾಕ್ ನಟ್ಟು, ಪ್ರತಿ ಬದಿಗೆ ಕನಿಷ್ಠ ನಾಲ್ಕು. ವಿಲ್ಲಿಸ್ ಮಾದರಿಯ ಮಿಲಿಟರಿ ಜೀಪಿಗೆ ಹಿಂದೆ ಟ್ರೇಲರ್ ಎಳೆಯುವ ಕೊಕ್ಕೆ ಇತ್ತು, ಅದಕ್ಕಾಗಿಯೇ ಹಿಂದಿನ ಅಡ್ಡಪಟ್ಟಿಗೆ ಬಲ ಕೊಟ್ಟಿದ್ದರು. ಅಂಥ ಗಾಡಿಯಲ್ಲಿ ಆ ಜಾಗವನ್ನೇ ಬಳಸಿಕೊಂಡರೆ ಹೊಸ ತೂತು ಕೊರೆಯುವುದು ತಪ್ಪುತ್ತದೆ.

ಆರ್‌ಟಿಓ ಮಾತು

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿಯನ್ನು ಬದಲಿಸುವಂತಿಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಇದೇ ಕಲಂ ತೋರಿಸಿ ಕ್ರ್ಯಾಶ್ ಗಾರ್ಡ್, ಬುಲ್ ಬಾರ್‌ಗಳ ಮೇಲೆ ಕ್ರಮ ತೆಗೆದುಕೊಳ್ಳಿ ಅಂತ ರಾಜ್ಯಗಳಿಗೆ ಬರೆಯಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಈ ಕಲಂ ಅನ್ನು ಬಿಗಿಯಾಗಿಯೇ ಅರ್ಥೈಸಿತು. 15 ವರ್ಷ ದಾಟಿದ ಖಾಸಗಿ ಗಾಡಿಗೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಣ ಇದ್ದೇ ಇದೆ, ಇನ್ಸ್‌ಪೆಕ್ಟರ್ ಗಾಡಿ ನೋಡಿಯೇ ನೋಡುತ್ತಾರೆ. ಕೆಲಸಕ್ಕೆ ಕೈ ಹಾಕುವ ಮುಂಚೆಯೇ ನಿಮ್ಮ ಆರ್‌ಟಿಓ ಕಚೇರಿಗೆ ಹೋಗಿ ಕೇಳಿ. ಕಂಪನಿಯ ಬಂಪರನ್ನು ಗುಜರಿಗೆ ಹಾಕದೆ ಎತ್ತಿಡಿ. ನಂಬರ್ ಪ್ಲೇಟು, ಅದರ ದೀಪ, ಹಿಂದಿನ ಲೈಟುಗಳು ಯಾವುದೂ ಸ್ಟೆಪ್ನಿಯ ಹಿಂದೆ ಮರೆಯಾಗಬಾರದು. ನಮ್ಮ ಕಡೆ ಕಬ್ಬಿನ ಸೀಸನ್ನಿನಲ್ಲಿ ರಾತ್ರಿ ರಸ್ತೆ ತುಂಬ ಟ್ರ್ಯಾಕ್ಟರುಗಳು, ಹಿಂದೆ ದೀಪವಿಲ್ಲದ ಟ್ರೇಲರುಗಳು. ಅಂಥ ಕತ್ತಲಲ್ಲಿ ನಮ್ಮ ಗಾಡಿಯೂ ಕಾಣದಂತೆ ಆಗುವುದು ಬೇಡ. ಬಂಪರಿಗೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ.

ರೆಡಿಮೇಡ್ ತರಿಸುವುದೋ, ಇಲ್ಲೇ ಮಾಡಿಸುವುದೋ

ಹರಿಯಾಣದ ಮಂಡಿ ಡಬ್ವಾಲಿ ಹಳೆಯ ಜೀಪುಗಳಿಗೆ ಹೆಸರಾದ ಊರು. ಆನ್‌ಲೈನ್‌ನಲ್ಲೂ ರೆಡಿಮೇಡ್ ಬಂಪರುಗಳು ಸಿಗುತ್ತವೆ. ಅಳತೆ ಸರಿಯಾಗಿದ್ದರೆ ಸಮಯ ಉಳಿಯುತ್ತದೆ. ಆದರೆ 35 ವರ್ಷ ಹಳೆಯ ಗಾಡಿಯ ಹಿಂಭಾಗ ಒಮ್ಮೆಯಾದರೂ ಗುದ್ದಿಸಿಕೊಂಡು, ಬಡಿದು ನೇರ ಮಾಡಿಸಿಕೊಂಡಿರುತ್ತದೆ. ತೂತುಗಳು ಕೂಡುವುದಿಲ್ಲ, ಗ್ಯಾಸಿನಿಂದ ತೂತು ದೊಡ್ಡದು ಮಾಡುತ್ತಾರೆ, ಅಲ್ಲಿಗೆ ಬಲ ಹೋಯಿತು. ಬೆಳಗಾವಿಯಲ್ಲಿ ಇದ್ದುಕೊಂಡು ನಾನಂತೂ ಹೊರಗಿನಿಂದ ತರಿಸುವುದಿಲ್ಲ. ವೆಲ್ಡರ್ ಒಬ್ಬರು, ಲೇತ್ ಇನ್ನೊಬ್ಬರು, ಇಬ್ಬರ ನಡುವೆ ಓಡಾಡುವವರು ನೀವು. ಮೊದಲು ರಟ್ಟಿನಲ್ಲಿ ಬ್ರಾಕೆಟ್ ಕತ್ತರಿಸಿ ಗಾಡಿಗೆ ಹಿಡಿದು ನೋಡಿ, ಆಮೇಲೆ ಕಬ್ಬಿಣ ಕತ್ತರಿಸಲಿ. ವಿಜಯಪುರ, ಬಾಗಲಕೋಟೆ ಕಡೆಯವರು ಲೇತಿನ ಕೆಲಸಕ್ಕೆ ಮಾತ್ರ ಇಲ್ಲಿಗೆ ಬಂದು ಕೀಲು ಮಾಡಿಸಿಕೊಂಡು ಹೋಗಿ, ಉಳಿದದ್ದನ್ನು ಊರಲ್ಲೇ ಮಾಡಿಸಬಹುದು. ಟ್ರ್ಯಾಕ್ಟರ್ ಟ್ರೇಲರ್ ಕಟ್ಟುವವರು ಗಟ್ಟಿ ಕೆಲಸ ಬಲ್ಲವರು. ಅವರಿಗೆ ಹಗುರ ಮಾಡಿ ಅಂತ ನಾಲ್ಕು ಸಲ ಹೇಳಬೇಕಾಗುತ್ತದೆ, ಅಷ್ಟೇ.

ಬಣ್ಣದ ಬಗ್ಗೆ ಉದ್ದ ಬರೆಯುವುದಿಲ್ಲ. ಪೌಡರ್ ಕೋಟಿಂಗ್ ಹೊಸದರಲ್ಲಿ ಚೆಂದ, ಕಲ್ಲು ಬಡಿದು ಒಂದು ಕಡೆ ಎದ್ದರೆ ಒಳಗೊಳಗೇ ನೀರು ಹೋಗುತ್ತದೆ. ಎಪಾಕ್ಸಿ ಪ್ರೈಮರ್ ಮೇಲೆ ಸಾದಾ ಎನಾಮೆಲ್ ಹಚ್ಚಿದರೆ ಮನೆಯಲ್ಲೇ ಬ್ರಶ್ ಹಿಡಿದು ಸರಿ ಮಾಡಿಕೊಳ್ಳಬಹುದು. ಪೈಪಿನ ತುದಿ ಮುಚ್ಚಿದ್ದರೆ ಕೆಳಗೆ 6 ಮಿ.ಮೀ.ನ ಎರಡು ತೂತು ಬಿಡಿ, ನೀರು ಇಳಿದುಹೋಗಲಿ.

ನನ್ನ ಎರಡನೇ ಬಂಪರ್ ಚೌಕ ಪೈಪಿನದು. 22 ಸೆಂ.ಮೀ. ಎತ್ತರದ ಕೀಲು, ಗನ್‌ಮೆಟಲ್ ಬುಶ್, ಟಾಗಲ್ ಲಾಕು, ಚೈನ್ ಪಿನ್. ಟೈರು ಬಿಟ್ಟು 24 ಕೆ.ಜಿ. ಬಂತು. ಕೂರಿಸಿದ ದಿನ ಪ್ರತಿ ನಟ್ಟಿಗೂ ಬಿಳಿ ಪೇಂಟಿನ ಗೀರು ಎಳೆದೆ. 200 ಕಿ.ಮೀ. ಆದ ಮೇಲೆ ನೋಡಿದರೆ ಎರಡು ನಟ್ಟಿನ ಗೀರು ಸರಿದಿತ್ತು, ಮತ್ತೆ ಬಿಗಿದೆ. ಅದಾದ ಮೇಲೆ ಸರಿದಿಲ್ಲ. ಹೋದ ವರ್ಷದ ಮಳೆಗಾಲ ಮುಗಿದಾಗ ಪಿನ್ ಹೊರಗೆ ಎಳೆದೆವು. ಗ್ರೀಸ್ ಜಾಂಬೋಟಿಯ ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಬುಶ್ಶಿನಲ್ಲಿ ಆಟ ಬಂದಿರಲಿಲ್ಲ. ಒರೆಸಿ, ಹೊಸ ಗ್ರೀಸ್ ತುಂಬಿ, ಅದೇ ಬುಶ್ ಹಾಕಿದೆವು. ತೋಳನ್ನು ಮುಚ್ಚಿ ಲಾಕು ಹಾಕಿದ್ದು ನನ್ನ ಹೆಂಡತಿ, ಒಂದೇ ಕೈಯಲ್ಲಿ.